ಹುಂಜವೋ ಹೇಂಟೆಯೋ: ಹಿತ್ತಲ ಬೆರಕೆ ಮರಿಗಳ ಗುರುತು

ಕಾವಿಗೆ ಕೂತ ಕೋಳಿ ಮರಿಗಳನ್ನು ಕರೆದುಕೊಂಡು ಬುಟ್ಟಿಯಿಂದ ಇಳಿದ ದಿನವೇ ಮನೆಯಲ್ಲಿ ಪ್ರಶ್ನೆ ಶುರುವಾಗುತ್ತದೆ: ಇದರಲ್ಲಿ ಹುಂಜ ಎಷ್ಟು, ಹೇಂಟೆ ಎಷ್ಟು? ಹೇಂಟೆ ಅಂದರೆ ಮೊಟ್ಟೆ ಮತ್ತು ಮುಂದಿನ ಕಾವು. ಹುಂಜ ಅಂದರೆ ಹೊಸತೊಡಕಿಗೋ ಮಾರಿಹಬ್ಬಕ್ಕೋ ಕೈಗೆ ಬರುವ ದುಡ್ಡು. ಎರಡಕ್ಕೂ ಬೆಲೆಯಿದೆ, ಆದರೆ ಬೆಲೆ ಬೇರೆ, ಸಾಕುವ ಕ್ರಮ ಬೇರೆ. ಎರಡು ತಿಂಗಳ ಹೇಂಟೆಯನ್ನು ಹುಂಜ ಅಂದುಕೊಂಡು ಮಾರಿಬಿಟ್ಟರೆ ಬರುವ ವರ್ಷದ ಮೊಟ್ಟೆಯನ್ನೇ ಮಾರಿದಂತೆ. ಹೇಂಟೆ ಅಂತ ನಂಬಿ ನಾಲ್ಕು ಮರಿ ಕೊಂಡು, ಐದನೇ ತಿಂಗಳಲ್ಲಿ ಮೂರು ಒಟ್ಟಿಗೆ ಕೂಗಿದರೆ ಅಷ್ಟು ದಿನ ಹಾಕಿದ ರಾಗಿ, ನುಚ್ಚು ಎಲ್ಲಾ ಲೆಕ್ಕ ತಪ್ಪಿದಂತೆ.

ಕೋಳಿ ಸಾಕುವವರ ಸಭೆಯಲ್ಲಿ ಆಡಿದ ಮಾತುಗಳಿವು. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಬೆರಕೆ ಮರಿಯಲ್ಲಿ ಒಂದೇ ಗುರುತು ನೋಡಿ ತೀರ್ಪು ಕೊಡಲು ಬರುವುದಿಲ್ಲ. ಶುದ್ಧ ತಳಿಯಲ್ಲಿ ಮರಿಗಳೆಲ್ಲ ಒಂದೇ ಅಚ್ಚಿನವು. ಇಷ್ಟನೇ ವಾರಕ್ಕೆ ಹುಂಜದ ಜುಟ್ಟು ಹೀಗಿರುತ್ತದೆ ಎಂದು ಬರೆದಿಡಬಹುದು. ನಮ್ಮ ಹಿತ್ತಲು ಹಾಗಲ್ಲ. ಊರಿನ ನಾಟಿ ಹೇಂಟೆ ಇರುತ್ತದೆ. ಯಾವಾಗಲೋ ತಂದ ಗಿರಿರಾಜ, ವನರಾಜ, ಸ್ವರ್ಣಧಾರಾ ಎಂಬ ಸುಧಾರಿತ ತಳಿಯ ಕೋಳಿಗಳ ರಕ್ತ ಸೇರಿರುತ್ತದೆ. ಪಕ್ಕದ ಮನೆಯ ಅಸೀಲ್ ಎಂಬ ಕಾಳಗದ ತಳಿಯ ಹುಂಜ ಬೇಲಿ ಹಾರಿ ಬಂದಿರುತ್ತದೆ. ಈಚೆಗೆ ಕಪ್ಪು ಮಾಂಸದ ಕಡಕ್‌ನಾಥ್ ಕೋಳಿ ಕೂಡ ಬಂದಿದೆ. ಒಂದೇ ಕಾವಿನ ಹತ್ತು ಮರಿ ಹತ್ತು ಥರ ಇರುತ್ತವೆ. ಹಾಗಾಗಿ ನಾವು ಮಾಡಬೇಕಾದ್ದು ಹೋಲಿಕೆ. ಒಂದೇ ದಿನ ಹುಟ್ಟಿದ, ಒಂದೇ ಆಕಾರದ ಜುಟ್ಟಿರುವ ಮರಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಬೇಕು. ಒಂದು ಗುರುತಿಗೆ ಇನ್ನೊಂದು ಗುರುತು ಸಾಕ್ಷಿ ಹೇಳಬೇಕು. ಸಾಕ್ಷಿ ಸಾಲದಿದ್ದರೆ ಕಾಯಬೇಕು.

ಗುರುತುಗಳಿಗೆ ಹೋಗುವ ಮುಂಚೆ ಮೊಟ್ಟೆಯ ವಿಷಯ. ಚೂಪು ಮೊಟ್ಟೆಯಲ್ಲಿ ಹುಂಜ, ದುಂಡು ಮೊಟ್ಟೆಯಲ್ಲಿ ಹೇಂಟೆ ಎಂಬ ಮಾತನ್ನು ನೀವೂ ಕೇಳಿದ್ದೀರಿ. ಅದು ಯಾಕೆ ಸಾಧ್ಯವಿಲ್ಲ ಎಂದು ಸ್ವಲ್ಪ ನೋಡೋಣ. ಮನುಷ್ಯರಲ್ಲಿ ಮಗು ಗಂಡೋ ಹೆಣ್ಣೋ ಎಂಬುದು ತಂದೆಯ ಕಡೆಯಿಂದ ತೀರ್ಮಾನವಾಗುತ್ತದೆ. ಕೋಳಿಯಲ್ಲಿ ಅದು ತಾಯಿಯದು. ಹುಂಜಕ್ಕೆ ಎರಡು ಝಡ್ ವರ್ಣತಂತು, ಹೇಂಟೆಗೆ ಒಂದು ಝಡ್, ಒಂದು ಡಬ್ಲ್ಯು. ಅಂಡಕ್ಕೆ ಈ ಎರಡರಲ್ಲಿ ಯಾವುದು ಹೋಗಬೇಕು ಎಂಬುದು ಅದು ಅಂಡಾಶಯದಿಂದ ಕಳಚಿಕೊಳ್ಳುವ ಸ್ವಲ್ಪ ಮುಂಚೆ ಇತ್ಯರ್ಥವಾಗಿರುತ್ತದೆ. ಅದಾದ ಮೇಲೆ ಲೋಳೆ ಸುತ್ತಿಕೊಂಡು, ಪೊರೆ ಬಂದು, ಕೊನೆಗೆ ಸುಮಾರು 20 ಗಂಟೆ ಗರ್ಭಕೋಶದಲ್ಲಿ ಕೂತು ಚಿಪ್ಪು ಕಟ್ಟಿಕೊಳ್ಳುತ್ತದೆ. ಮೊಟ್ಟೆಯ ಆಕಾರ ಆ ನಾಳದ ಹಿಡಿತದಿಂದ ಬರುವುದು. ಅದಕ್ಕೇ ಒಂದೇ ಹೇಂಟೆಯ ಮೊಟ್ಟೆಗಳೆಲ್ಲ ಹೆಚ್ಚುಕಡಿಮೆ ಒಂದೇ ಆಕಾರದಲ್ಲಿರುತ್ತವೆ. ಚೂಪು ಮೊಟ್ಟೆ ಇಡುವ ಹೇಂಟೆಗೆ ಜೀವಮಾನವಿಡೀ ಹುಂಜವೇ ಹುಟ್ಟುವುದನ್ನು ಯಾರಾದರೂ ನೋಡಿದ್ದೀರಾ?

ದಾರಕ್ಕೆ ಸೂಜಿ ಕಟ್ಟಿ ಮೊಟ್ಟೆಯ ಮೇಲೆ ತೂಗಾಡಿಸುವುದು, ಮರಿಯನ್ನು ಕಾಲು ಹಿಡಿದು ತಲೆಕೆಳಗೆ ನೇತುಹಾಕಿ ತಲೆ ಎತ್ತುತ್ತದೋ ಇಲ್ಲವೋ ನೋಡುವುದು, ಇವುಗಳ ಕಥೆಯೂ ಇಷ್ಟೇ. ಕಣ್ಣುಮುಚ್ಚಿ ಹೇಳಿದರೂ ನೂರರಲ್ಲಿ ಐವತ್ತು ಸರಿಯಾಗುತ್ತದೆ. ಸರಿಯಾದ ಐವತ್ತು ನೆನಪಿನಲ್ಲಿ ಉಳಿಯುತ್ತವೆ, ತಪ್ಪಿದ ಐವತ್ತು ಮರೆತುಹೋಗುತ್ತವೆ. ಜೊತೆಗೆ, ನಮ್ಮ ಕಾವುಗಳು ಚಿಕ್ಕವು. ಹತ್ತು ಮರಿಗಳಲ್ಲಿ ಏಳು ಅಥವಾ ಅದಕ್ಕಿಂತ ಹೆಚ್ಚು ಹುಂಜ ಬರುವ ಸಂಭವ ನೂರಕ್ಕೆ 17ರಷ್ಟಿದೆ, ಅಂದರೆ ಹೆಚ್ಚುಕಡಿಮೆ ಆರು ಕಾವಿಗೆ ಒಂದು ಸಲ. ಅಂಥ ಒಂದು ಕಾವು ಬಂದಾಗ ‘ಈ ಸಲ ಮೊಟ್ಟೆ ಆರಿಸಿದ್ದು ಸರಿಯಾಗಲಿಲ್ಲ’ ಎಂದು ಯಾರೂ ನೊಂದುಕೊಳ್ಳಬೇಕಿಲ್ಲ. ಕಾವಿನ ಬಿಸಿ ಹೆಚ್ಚುಕಡಿಮೆ ಮಾಡಿ ಹೇಂಟೆ ಬರಿಸುತ್ತೇವೆ ಎನ್ನುವವರೂ ಇದ್ದಾರೆ. ಬಿಸಿ ತಪ್ಪಿದರೆ ಮರಿ ಸಾಯುತ್ತದೆಯೇ ಹೊರತು ಹುಂಜದ ಮರಿ ಹೇಂಟೆಯಾಗುವುದಿಲ್ಲ.

ಹಾಗಾದರೆ ದೊಡ್ಡ ಹ್ಯಾಚರಿಯವರು ಒಂದು ದಿನದ ಮರಿಯನ್ನೇ ಬೇರ್ಪಡಿಸುತ್ತಾರಲ್ಲ, ಅದು ಹೇಗೆ? ಒಂದು ದಾರಿ ಗುದದ್ವಾರ ನೋಡುವುದು. 1920ರ ದಶಕದಲ್ಲಿ ಜಪಾನಿನ ಕಿಯೋಶಿ ಮಸುಯಿ ಮತ್ತು ಜೂರೋ ಹಶಿಮೊಟೊ ಇದನ್ನು ಒಂದು ವಿದ್ಯೆಯಾಗಿ ರೂಪಿಸಿದರು. ಹುಟ್ಟಿದ ಮೊದಲ ದಿನದಲ್ಲೇ ಮರಿಯ ಹಿಕ್ಕೆಯನ್ನು ಮೆಲ್ಲಗೆ ಒತ್ತಿ ತೆಗೆದು, ಗುದದ್ವಾರವನ್ನು ಹೊರಳಿಸಿ ಒಳಗಿರುವ ಸೂಜಿಮೊನೆಯಷ್ಟು ಉಬ್ಬು ನೋಡುತ್ತಾರೆ. ಹುಂಜದಲ್ಲಿ ಅದು ದುಂಡಗೆ, ಹೊಳೆಯುತ್ತಾ, ಒತ್ತಿದರೂ ಕರಗದೆ ನಿಲ್ಲುತ್ತದೆ. ಹೇಂಟೆಯಲ್ಲಿ ಬಹುಪಾಲು ಇರುವುದಿಲ್ಲ. ತೊಡಕು ಇರುವುದು ಆ ‘ಬಹುಪಾಲು’ ಎಂಬಲ್ಲಿ. ಕೆಲವು ಹೇಂಟೆ ಮರಿಗಳಲ್ಲೂ ಚಿಕ್ಕ ಉಬ್ಬು ಇರುತ್ತದೆ, ಅದನ್ನು ಬಿಡಿಸಿ ನೋಡುವ ಕಣ್ಣು ಸಾವಿರಾರು ಮರಿ ಹಿಡಿದವರಿಗೆ ಮಾತ್ರ ಬರುತ್ತದೆ. ಕಲಿತವರು ನೂರಕ್ಕೆ 95ಕ್ಕಿಂತ ಹೆಚ್ಚು ಸರಿ ಹೇಳುತ್ತಾರೆ. ಕಲಿಯದವರು ಒತ್ತಿದರೆ ಹೊಟ್ಟೆಯೊಳಗೆ ಇನ್ನೂ ಕರಗದೆ ಉಳಿದಿರುವ ಹಳದಿಯ ಚೀಲ ಒಡೆದು ಮರಿ ಸಾಯುತ್ತದೆ. ದಯವಿಟ್ಟು ಮನೆಯಲ್ಲಿ ಇದನ್ನು ಮಾಡಬೇಡಿ. ಮೊಬೈಲಿನಲ್ಲಿ ನೋಡಿ ಕಲಿಯುವ ಕೆಲಸ ಇದಲ್ಲ.

ಇಲ್ಲಿ ಒಂದು ವಿಷಯ ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ಮೊಟ್ಟೆ ಕೋಳಿಯ ದೊಡ್ಡ ಉದ್ಯಮದಲ್ಲಿ ಹೀಗೆ ಬೇರ್ಪಡಿಸಿದ ಹುಂಜದ ಮರಿಗಳನ್ನು ಮೊದಲ ದಿನವೇ ಕೊಲ್ಲುತ್ತಾರೆ. ಆ ತಳಿಗಳಲ್ಲಿ ಹುಂಜಕ್ಕೆ ಮಾಂಸ ಬರುವುದಿಲ್ಲ, ಸಾಕಿದ ಖರ್ಚು ಹುಟ್ಟುವುದಿಲ್ಲ. ಜರ್ಮನಿ 2022ರ ಜನವರಿ 1ರಿಂದ ಇದನ್ನು ಕಾನೂನಿನಿಂದ ನಿಲ್ಲಿಸಿತು. ಅಲ್ಲಿ ಈಗ ಮೊಟ್ಟೆಯೊಳಗೇ ಪರೀಕ್ಷೆ ಮಾಡಿ ಹೇಂಟೆಯ ಮೊಟ್ಟೆಗಳನ್ನು ಮಾತ್ರ ಒಡೆಯಲು ಬಿಡುವ ಯಂತ್ರಗಳು ಬಂದಿವೆ. ನಮ್ಮ ಹಿತ್ತಲಿನಲ್ಲಿ ಆ ಸಂಕಟವಿಲ್ಲ. ನಾಟಿ ಹುಂಜಕ್ಕೆ ನಮ್ಮಲ್ಲಿ ಬೇಡಿಕೆ ತಪ್ಪಿದ್ದಿಲ್ಲ. ಹಾಗಾಗಿ ಮೊದಲ ದಿನವೇ ತಿಳಿಯಬೇಕೆಂಬ ಅವಸರವೂ ನಮಗಿಲ್ಲ. ಹನ್ನೆರಡು ವಾರ ಕಾದರೆ ಯಾವ ನಷ್ಟವೂ ಇಲ್ಲ.

ಆದರೂ ಮೊದಲ ವಾರಗಳಲ್ಲೇ ಖಚಿತವಾಗಿ ಹೇಳಬಹುದಾದ ಎರಡು ಸಂದರ್ಭ ಬೆರಕೆ ಕೋಳಿಯಲ್ಲೂ ಇವೆ. ಅವಕ್ಕೆ ಅಪ್ಪ-ಅಮ್ಮ ಯಾರು ಎಂದು ಗೊತ್ತಿರಬೇಕು. ತಾಯಿ ತನ್ನ ಝಡ್ ವರ್ಣತಂತುವನ್ನು ಗಂಡುಮಕ್ಕಳಿಗೆ ಮಾತ್ರ ಕೊಡುತ್ತದೆ, ಹೆಣ್ಣುಮಕ್ಕಳಿಗೆ ಕೊಡುವುದು ಡಬ್ಲ್ಯು. ಝಡ್ ಮೇಲೆ ಕೂತಿರುವ ಯಾವ ಗುಣವೇ ಆಗಲಿ, ತಾಯಿಯಿಂದ ಮಗನಿಗೆ ಹೋಗುತ್ತದೆ, ಮಗಳಿಗೆ ಹೋಗುವುದಿಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಮೊದಲನೆಯದು ಅಡ್ಡಪಟ್ಟೆ. ಗರಿಗೆ ಅಡ್ಡಲಾಗಿ ಕಪ್ಪು, ಬಿಳಿ, ಕಪ್ಪು, ಬಿಳಿ ಎಂದು ಪಟ್ಟೆ ಇರುವ ಹೇಂಟೆ ನಿಮ್ಮಲ್ಲಿದ್ದು, ಹುಂಜ ಪಟ್ಟೆಯಿಲ್ಲದ ಕಪ್ಪು ಅಥವಾ ಕೆಂಪಾದರೆ, ಆ ಹೇಂಟೆಯ ಮರಿಗಳಲ್ಲಿ ಪಟ್ಟೆ ಬರುವುದೆಲ್ಲ ಹುಂಜ, ಬಾರದ್ದೆಲ್ಲ ಹೇಂಟೆ. ಕಪ್ಪು ತುಪ್ಪಳದ ಮರಿಯಾದರೆ ಹುಟ್ಟಿದ ದಿನವೇ ನೆತ್ತಿಯ ಮೇಲೆ ಬಿಳಿಚುಕ್ಕೆ ಕಾಣುತ್ತದೆ, ಅದು ಹುಂಜ. ಕೆಂಪು ಅಥವಾ ಅಳಿಲುಪಟ್ಟೆಯ ಮರಿಯಲ್ಲಿ ಆ ಚುಕ್ಕೆ ಸರಿಯಾಗಿ ಕಾಣುವುದಿಲ್ಲ, ಎರಡು ಮೂರು ವಾರ ಬಿಟ್ಟು ರೆಕ್ಕೆಗರಿಯಲ್ಲಿ ಪಟ್ಟೆ ಮೂಡುತ್ತದೆಯೇ ನೋಡಿ. ಮೈಯೆಲ್ಲ ಚುಕ್ಕೆಯಿರುವ ಹೇಂಟೆಗೂ, ಗರಿಯ ಅಂಚಿನಲ್ಲಿ ಮಾತ್ರ ಬಣ್ಣವಿರುವ ಹೇಂಟೆಗೂ ಈ ಲೆಕ್ಕ ಹೊಂದುವುದಿಲ್ಲ. ಹುಂಜಕ್ಕೆ ಪಟ್ಟೆಯಿದ್ದು ಹೇಂಟೆಗೆ ಇಲ್ಲದಿದ್ದರೂ ಹೊಂದುವುದಿಲ್ಲ, ಏಕೆಂದರೆ ತಂದೆ ತನ್ನ ಝಡ್ ಅನ್ನು ಗಂಡು ಹೆಣ್ಣು ಎರಡಕ್ಕೂ ಕೊಡುತ್ತದೆ. ಬಿಳಿ ಕೋಳಿ ಸೇರಿದರಂತೂ ಬಿಳಿಬಣ್ಣ ಎಲ್ಲವನ್ನೂ ಮುಚ್ಚಿಬಿಡುತ್ತದೆ.

ಎರಡನೆಯದು ಕಡಕ್‌ನಾಥ್. ಮಧ್ಯಪ್ರದೇಶದ ಝಾಬುವಾ ಕಡೆಯ ಈ ಕೋಳಿಯ ಚರ್ಮ, ಮಾಂಸ, ಮೂಳೆಯ ಪೊರೆಯವರೆಗೂ ಕಪ್ಪು. ಆ ಕಪ್ಪನ್ನು ಚರ್ಮದಲ್ಲಿ ತಡೆಯುವ ಗುಣವೊಂದು ಝಡ್ ಮೇಲಿದೆ, ಹಳದಿ ಅಥವಾ ಬಿಳಿ ಕಾಲಿನ ಕೋಳಿಗಳಲ್ಲಿ ಅದಿರುತ್ತದೆ. ಕಡಕ್‌ನಾಥ್ ಹುಂಜವನ್ನು ಹಳದಿ ಕಾಲಿನ ಹೇಂಟೆಗೆ ಬಿಟ್ಟರೆ, ತಾಯಿಯ ಆ ತಡೆ ಗಂಡುಮಕ್ಕಳಿಗೆ ಮಾತ್ರ ಸಿಗುತ್ತದೆ. ಹುಂಜದ ಮರಿ ತಿಳಿ ಚರ್ಮ, ಹೇಂಟೆ ಮರಿ ಕಪ್ಪು ಚರ್ಮ. ಮುಖದ ಚರ್ಮ, ಕಾಲು, ರೆಕ್ಕೆಯ ಕೆಳಗಿನ ಬರಿಮೈ ನೋಡಿ, ಮೊದಲ ಕೆಲವು ವಾರಗಳಲ್ಲೇ ವ್ಯತ್ಯಾಸ ಬಿಡಿಸಿ ಕಾಣುತ್ತದೆ. ಹೇಂಟೆಯ ಕಾಲು ಕಪ್ಪೋ ಹಸಿರುಗಪ್ಪೋ ಆಗಿದ್ದರೆ ಇದು ನಡೆಯುವುದಿಲ್ಲ. ಕಡಕ್‌ನಾಥ್ ಹೇಂಟೆಗೆ ಬೇರೆ ಹುಂಜ ಬಿಟ್ಟರೂ ನಡೆಯುವುದಿಲ್ಲ.

ಎರಡಕ್ಕೂ ‘ಅಪ್ಪ ಇದೇ ಹುಂಜ’ ಎಂಬ ಖಾತ್ರಿ ಬೇಕು. ಹೇಂಟೆಯ ಒಡಲಲ್ಲಿ ಹುಂಜದ ವೀರ್ಯ ಎರಡು ವಾರ, ಕೆಲವೊಮ್ಮೆ ಅದಕ್ಕೂ ಹೆಚ್ಚು ದಿನ ಜೀವಂತವಾಗಿರುತ್ತದೆ. ಹಳೆಯ ಹುಂಜದಿಂದ ಬೇರೆ ಮಾಡಿ ಮೂರು ವಾರ, ಅಂದರೆ ಪೂರ್ತಿ 21 ದಿನ ಕಳೆದ ಮೇಲಿನ ಮೊಟ್ಟೆಯನ್ನು ಮಾತ್ರ ಕಾವಿಗೆ ಇಡಿ. ಕೋಳಿ ಬೀದಿಯಲ್ಲಿ ತಿರುಗಾಡುವ ಮನೆಯಲ್ಲಿ ಈ ಎರಡು ಲೆಕ್ಕವನ್ನೂ ಬಿಟ್ಟುಬಿಡಿ.

ರೆಕ್ಕೆಗರಿಯ ಉದ್ದ ನೋಡಿ ಒಂದು ದಿನದ ಮರಿ ಬೇರ್ಪಡಿಸುವುದನ್ನೂ ನೀವು ಕೇಳಿರಬಹುದು. ಬೇಗ ಗರಿ ಬರುವ ಹುಂಜ, ತಡವಾಗಿ ಗರಿ ಬರುವ ಹೇಂಟೆ ಎಂದು ಆರಿಸಿ ಕೂಡಿಸಿದ ಕಂಪನಿ ಕೋಳಿಗಳಲ್ಲಿ ಅದು ನಿಜ. ಅಲ್ಲಿ ಹೇಂಟೆ ಮರಿಯ ಉದ್ದ ಗರಿಗಳು ಮೇಲುಗರಿಗಳನ್ನು ಮೀರಿ ನಿಲ್ಲುತ್ತವೆ, ಹುಂಜದ ಮರಿಯಲ್ಲಿ ಎರಡೂ ಸರಿಸಮ. ಹಿತ್ತಲ ಮರಿಯಲ್ಲಿ ಅದೇ ಗುರುತು ನೋಡಿದರೆ ಗೊತ್ತಾಗುವುದು ಅಜ್ಜ ಯಾವ ತಳಿ ಎಂದಷ್ಟೇ.

ಈಗ ದಿನಗಟ್ಟಲೆ ನೋಡುವ ಗುರುತುಗಳಿಗೆ ಬರೋಣ. ಅದಕ್ಕೆ ಮೊದಲು ಪ್ರತಿ ಮರಿಗೂ ಒಂದು ಹೆಸರಿರಬೇಕು, ಇಲ್ಲದಿದ್ದರೆ ಹೋದ ವಾರ ನೋಡಿದ್ದು ಯಾವುದನ್ನು ಎಂದು ನಿಮಗೇ ತಿಳಿಯುವುದಿಲ್ಲ. ಸುಲಭದ ದಾರಿ ಉಗುರಿನ ಬಣ್ಣ. ಎಡಗಾಲಿನ ಮಧ್ಯದ ಬೆರಳಿನ ಉಗುರಿಗೆ ಒಂದು ಮರಿಗೆ ನೀಲಿ, ಬಲಗಾಲಿಗೆ ಇನ್ನೊಂದಕ್ಕೆ ನೀಲಿ, ಎರಡೂ ಕಾಲಿಗೆ ಮತ್ತೊಂದಕ್ಕೆ, ಹೀಗೆ ಎರಡೇ ಬಣ್ಣದಲ್ಲಿ ಎಂಟು ಮರಿ ಗುರುತಿಸಬಹುದು. ಕೆಂಪು ಬೇಡ, ರಕ್ತ ಅಂದುಕೊಂಡು ಉಳಿದ ಮರಿಗಳು ಕುಕ್ಕುತ್ತವೆ. ವಾರಕ್ಕೊಮ್ಮೆ ಮತ್ತೆ ಹಚ್ಚಿ. ಕಾಲಿಗೆ ದಾರವೋ ಪ್ಲಾಸ್ಟಿಕ್ ಟ್ಯಾಗೋ ಕಟ್ಟುವವರು ವಾರ ವಾರ ಸಡಿಲ ಮಾಡಲೇಬೇಕು. ಮರಿಯ ಕಾಲು ಬಹಳ ಬೇಗ ದಪ್ಪವಾಗುತ್ತದೆ, ಕಟ್ಟು ಚರ್ಮದೊಳಗೆ ಇಳಿದು ಕಾಲು ಬಾತು ಮರಿ ಕುಂಟುತ್ತದೆ. ಜೊತೆಗೆ ಫೋನಿನಲ್ಲಿ ವಾರಕ್ಕೊಂದು ಫೋಟೊ, ತಲೆ ಪಕ್ಕದಿಂದ ಕಾಣುವ ಹಾಗೆ, ಬೆಳಗ್ಗೆ ಅದೇ ಜಾಗದಲ್ಲಿ ತೆಗೆಯಿರಿ.

ಮೂರನೇ ನಾಲ್ಕನೇ ವಾರದಲ್ಲಿ ಬಾಲ ಮತ್ತು ಬೆನ್ನು ನೋಡಿ. ಹೇಂಟೆ ಮರಿಗೆ ಗರಿ ಬೇಗ ತುಂಬುತ್ತದೆ. ಅಷ್ಟರಲ್ಲಿ ಪುಟ್ಟ ಬೀಸಣಿಗೆಯಂಥ ಬಾಲ ಬಂದಿರುತ್ತದೆ, ಭುಜದ ಮೇಲೂ ಗರಿ ಮುಚ್ಚಿರುತ್ತದೆ. ಹುಂಜದ ಮರಿಗೆ ಬಾಲ ಮೋಟು, ಭುಜ ಮತ್ತು ಬೆನ್ನಿನ ಮೇಲೆ ಬರಿಮೈ ಕಾಣುತ್ತದೆ. ಇದು ಒಳ್ಳೆಯ ಮೊದಲ ಸುಳಿವು, ಸುಳಿವಷ್ಟೇ. ಅಸೀಲ್ ರಕ್ತ ಇರುವ ಮರಿಗಳಿಗೆ ಗಂಡಾಗಲಿ ಹೆಣ್ಣಾಗಲಿ ಗರಿ ನಿಧಾನ, ಐದು ವಾರವಾದರೂ ಬೆನ್ನು ಬೋಳು. ಕತ್ತು ಬೋಳಿನ ಕೋಳಿಯ ಮರಿಗಳಿಗೆ ಮೈಯೆಲ್ಲ ಗರಿ ಕಡಿಮೆ. ಇಂಥವನ್ನು ಗರಿ ತುಂಬಿದ ತಂಗಿಯ ಪಕ್ಕ ಇಟ್ಟು ಹುಂಜ ಎಂದು ಬರೆದರೆ ತಪ್ಪಾಗುತ್ತದೆ.

ಐದು ಮತ್ತು ಆರನೇ ವಾರ ಜುಟ್ಟಿನ ಕಾಲ. ಇಲ್ಲಿ ಸ್ವಲ್ಪ ನಿಂತು ನೋಡೋಣ, ಸರಿ ಹೇಳಲು ಸಾಧ್ಯವಿರುವುದೂ ತಪ್ಪಾಗುವುದೂ ಹೆಚ್ಚಾಗಿ ಇಲ್ಲೇ.

ಬೆಳಗ್ಗೆ ಗೂಡಿನ ಬಾಗಿಲು ತೆಗೆಯುವ ಮುಂಚೆ, ಮರಿ ಓಡಾಡಿ ಬೆದರುವ ಮುಂಚೆ ಹಿಡಿಯಿರಿ. ಅಟ್ಟಿಸಿಕೊಂಡು ಹೋಗಿ ಹಿಡಿದ ಮರಿಯ ಜುಟ್ಟು ಹೆಣ್ಣಾದರೂ ಕೆಂಪೇರಿರುತ್ತದೆ. ಎಡ ಅಂಗೈಯಲ್ಲಿ ಎದೆ ಕೂರಿಸಿ ಹೆಬ್ಬೆರಳು ಬೆನ್ನ ಮೇಲಿರಲಿ, ನೆರಳಿನ ಬೆಳಕಿನಲ್ಲಿ ತಲೆಯನ್ನು ಪಕ್ಕದಿಂದಲೂ ಮುಂದಿನಿಂದಲೂ ನೋಡಿ. ಜನ ಜುಟ್ಟಿನ ಎತ್ತರ ನೋಡುತ್ತಾರೆ. ನೀವು ಬುಡ ನೋಡಿ. ಒಂಟಿ ಗರಗಸದ ಜುಟ್ಟಿನ ಹುಂಜದ ಮರಿಯಲ್ಲಿ ಬುಡ ದಪ್ಪಗೆ, ತೇವವಿದ್ದ ಹಾಗೆ, ಗುಲಾಬಿ ಬಣ್ಣದಲ್ಲಿ ಕೊಕ್ಕಿನ ಬೇರಿನವರೆಗೂ ಇಳಿದಿರುತ್ತದೆ. ಹೇಂಟೆ ಮರಿಯಲ್ಲಿ ಕಾಗದದ ಅಂಚಿನಷ್ಟು ತೆಳ್ಳಗೆ, ಹಳದಿಯಾಗಿ, ಒಣಗಿದಂತೆ ಇರುತ್ತದೆ. ಆಮೇಲೆ ಗದ್ದದ ಕೆಳಗೆ ನೋಡಿ. ಹುಂಜದಲ್ಲಿ ಎರಡು ಗುಲಾಬಿ ಜೋಲು ಮೊಳೆತು ಜೋಳದ ಕಾಳಿನಷ್ಟಾಗಿರುತ್ತವೆ. ಹೇಂಟೆಯಲ್ಲಿ ಅದೇ ಜಾಗದಲ್ಲಿ ಚರ್ಮದ ಒಂದು ಗೆರೆ ಮಾತ್ರ.

ಅಸೀಲ್ ಬೆರಕೆಯಲ್ಲಿ ಜುಟ್ಟು ಬೇರೆ. ಅದು ಗಿಡ್ಡ, ಮೂರು ಸಾಲಾಗಿ ನೆತ್ತಿಗೆ ಅಂಟಿಕೊಂಡ ಕಾಳಿನ ಜುಟ್ಟು. ಅಲ್ಲಿ ಎತ್ತರ ಹುಡುಕಬೇಡಿ. ಮೂರು ಸಾಲು ಬಿಡಿಬಿಡಿಯಾಗಿ ಅಗಲವಾಗಿ ಕೆಂಪೇರಿದರೆ ಹುಂಜ. ನಡುವಿನ ಒಂದು ಸಾಲು ಮಾತ್ರ ಹಳದಿ ದಾರದಂತೆ ಕಂಡು ಪಕ್ಕದವು ಇವೆಯೋ ಇಲ್ಲವೋ ಎಂಬಂತಿದ್ದರೆ ಹೇಂಟೆ. ಈ ಜುಟ್ಟಿನ ಕೋಳಿಗಳಿಗೆ ಗದ್ದದ ಜೋಲು ಹುಂಜದಲ್ಲೂ ಚಿಕ್ಕದೇ. ಈ ಕಾರಣಕ್ಕೇ ಒಂದೇ ಆಕಾರದ ಜುಟ್ಟಿನವನ್ನು ಮಾತ್ರ ಹೋಲಿಸಿ ಎಂದು ಮೊದಲೇ ಹೇಳಿದೆ. ಒಂಟಿ ಜುಟ್ಟಿನ ಹೇಂಟೆಯ ಪಕ್ಕ ಕಾಳು ಜುಟ್ಟಿನ ಹುಂಜ ಕೂತರೆ ಅಣ್ಣನೇ ತಂಗಿಯಂತೆ ಕಾಣುತ್ತಾನೆ. ಕಡಕ್‌ನಾಥ್ ಕಪ್ಪು ಸೇರಿದ ಮರಿಯಲ್ಲಿ ಬಣ್ಣ ಕೆಲಸಕ್ಕೆ ಬರುವುದಿಲ್ಲ, ಅಲ್ಲಿ ದಪ್ಪ, ಅಗಲ ಮಾತ್ರ ನೋಡಿ.

ಜುಟ್ಟು ಕೆಂಪಾಗುವುದು ಗಂಡು ಹಾರ್ಮೋನಿನಿಂದ. ಆ ಹಾರ್ಮೋನು ಏರಬೇಕಾದರೆ ಮರಿಗೆ ಮೇವು, ಆರೋಗ್ಯ ಎರಡೂ ಇರಬೇಕು. ಜಂತು ತುಂಬಿದ, ರಕ್ತಭೇದಿಯಿಂದ ಎದ್ದ, ಅರೆಹೊಟ್ಟೆಯಲ್ಲಿರುವ ಹುಂಜದ ಮರಿಯ ಜುಟ್ಟು ಬಿಳಿಚಿಕೊಂಡಿರುತ್ತದೆ, ಹೇಂಟೆ ಎಂದು ಬರೆಯುತ್ತೀರಿ. ಗುಂಪಿನಲ್ಲಿ ಎಲ್ಲರಿಂದ ಹೊಡೆತ ತಿನ್ನುವ ಹುಂಜದ ಮರಿಯಲ್ಲೂ ಹೀಗೇ ಆಗುತ್ತದೆ. ಆದ್ದರಿಂದ ಆರನೇ ವಾರದಲ್ಲಿ ಕೆಂಪು ಜುಟ್ಟು ಕಂಡರೆ ಹುಂಜ ಎಂಬುದು ಬಹುಮಟ್ಟಿಗೆ ಸರಿ. ಹಳದಿ ಜುಟ್ಟು ಕಂಡರೆ ಹೇಂಟೆ ಎಂಬುದು ಅಷ್ಟು ಗಟ್ಟಿಯಲ್ಲ. ಹೇಂಟೆ ಎಂದು ಹೇಳುವಾಗ ಯಾವಾಗಲೂ ಒಂದು ಹೆಜ್ಜೆ ಹಿಂದೆ ನಿಲ್ಲಿ.

ಐದರಿಂದ ಎಂಟನೇ ವಾರದಲ್ಲಿ ಬಣ್ಣವೂ ಮಾತಾಡಲು ಶುರುಮಾಡುತ್ತದೆ. ನಮ್ಮ ನಾಟಿ ಮರಿಗಳಲ್ಲಿ ಬಹಳಷ್ಟು ಬೆನ್ನಿನ ಮೇಲೆ ಅಳಿಲಿನಂತೆ ಪಟ್ಟೆ ಹೊತ್ತು ಹುಟ್ಟುತ್ತವೆ. ಇದು ಕಾಡುಕೋಳಿಯ ಮೂಲ ಬಣ್ಣ. ಇಂಥ ಮರಿಗೆ ಎದೆಯ ಗರಿ ಬರುವಾಗ ಹೇಂಟೆಯದು ತಿಳಿ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ, ಹುಂಜದ್ದು ಕಪ್ಪಾಗುತ್ತಾ ಹೋಗುತ್ತದೆ. ಇನ್ನೊಂದು ಗುರುತು ರೆಕ್ಕೆಯ ಭುಜ. ಬಿಳಿ, ಬೂದಿ ಅಥವಾ ಕಪ್ಪು ಮರಿಯ ಭುಜದ ಮೇಲೆ ಮಾತ್ರ ಗಾಢ ಕೆಂಪು ಹೊಳಪಿನ ತೇಪೆ ಮೂಡಿದರೆ ಅದು ಹುಂಜವೇ. ಹೇಂಟೆಯಲ್ಲಿ ಕೆಂಪು ಬಂದರೂ ಮೈಯೆಲ್ಲ ಹರಡಿ ಬರುತ್ತದೆ, ಇಲ್ಲವೇ ಕತ್ತು, ಎದೆಯಲ್ಲಿ ಬರುತ್ತದೆ. ಬೆರಕೆ ಮರಿಯಲ್ಲಿ ಈ ಭುಜದ ಕೆಂಪನ್ನು ನಾನು ಜುಟ್ಟಿಗಿಂತ ಹೆಚ್ಚು ನಂಬುತ್ತೇನೆ.

ಕಾಲು ದಪ್ಪ, ನಿಲುವು ಎತ್ತರ, ಜಗಳಗಂಟ ಸ್ವಭಾವ, ಇವನ್ನೆಲ್ಲ ಬರೆದಿಟ್ಟುಕೊಳ್ಳಿ, ಆದರೆ ಇವುಗಳ ಮೇಲೆ ಮಾತ್ರ ತೀರ್ಮಾನ ಬೇಡ. ಗಿರಿರಾಜದ ರಕ್ತವಿರುವ ಹೇಂಟೆ ಮರಿಯ ಕಾಲು ನಾಟಿ ಹುಂಜದ ಕಾಲಿಗಿಂತ ದಪ್ಪ. ಎದೆಗೆ ಎದೆ ಕೊಟ್ಟು ಹಾರುವುದು ಮರಿಗಳಲ್ಲಿ ಗಂಡು ಹೆಣ್ಣು ಎರಡೂ ಮಾಡುತ್ತವೆ. ಕಾಲಿನ ಮುಳ್ಳಿನ ಮೊಳಕೆ ಎರಡಕ್ಕೂ ಇರುತ್ತದೆ, ಹುಂಜದಲ್ಲಿ ಅದು ಬೆಳೆಯುವುದು ತಿಂಗಳುಗಳ ಮೇಲೆ. ಕೂಗಿದರೆ ಹುಂಜ ಎಂಬುದು ಸರಿ, ಆದರೆ ಆರನೇ ವಾರಕ್ಕೇ ಗಂಟಲು ಕೆರೆಯುವ ಮರಿಯಿದೆ, ಹಿರಿಯ ಹುಂಜದ ಭಯಕ್ಕೆ ಐದು ತಿಂಗಳಾದರೂ ಬಾಯಿ ಬಿಡದ ಮರಿಯೂ ಇದೆ.

ಇನ್ನು ಕೊನೆಯ ಮತ್ತು ಖಚಿತವಾದ ಗುರುತು. ಈ ಎರಡು ಗರಿಗಳನ್ನು ಕೈಯಿಂದ ಕೈಗೆ ದಾಟಿಸಿ. ಎರಡೂ ಹದಿನಾಲ್ಕು ವಾರದ ಕೋಳಿಗಳವು, ಒಂದೇ ಕಾವಿನ ಅಣ್ಣ ತಂಗಿ, ಎರಡನ್ನೂ ಒಂದೇ ಜಾಗದಿಂದ ತೆಗೆದದ್ದು: ಬೆನ್ನು ಇಳಿದು ಬಾಲಕ್ಕೆ ಸೇರುವ ಮುಂಚಿನ ಇಳಿಜಾರಿನಿಂದ. ಒಂದರ ತುದಿ ನಿಮ್ಮ ಹೆಬ್ಬೆರಳಿನ ತುದಿಯ ಹಾಗೆ ದುಂಡಗಿದೆ, ಅಂಚು ಒತ್ತಾಗಿ ಹೆಣೆದುಕೊಂಡಿದೆ. ಅದು ಹೇಂಟೆಯದು. ಇನ್ನೊಂದು ಭತ್ತದ ಎಲೆಯ ಹಾಗೆ ಕಿರಿದಾಗಿ ಚೂಪಾಗಿದೆ. ಬೆಳಕಿಗೆ ಹಿಡಿದು ನೋಡಿ, ತುದಿಯ ಅಂಚಿನಲ್ಲಿ ಎಳೆಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳದೆ ರೇಷ್ಮೆ ಸೆರಗಿನ ಕುಚ್ಚಿನಂತೆ ಬಿಡಿಬಿಡಿಯಾಗಿವೆ. ಆ ಹೊಳಪು ಬರುವುದು ಅಲ್ಲಿಂದ. ಹೇಂಟೆಗೆ ಆ ಜಾಗದಲ್ಲಿ ಇಂಥ ಗರಿ ಬರುವುದಿಲ್ಲ.

ಕಾರಣ ಕೇಳಿದರೆ ಆಶ್ಚರ್ಯವಾಗುತ್ತದೆ. ಚೂಪು ಗರಿ ಗಂಡು ಹಾರ್ಮೋನಿನಿಂದ ಬರುವುದಲ್ಲ. ಅದು ಕೋಳಿಯ ಸಹಜ ಗರಿ. ಅಂಡಾಶಯದಿಂದ ಬರುವ ಹೆಣ್ಣು ಹಾರ್ಮೋನು ಗರಿಯನ್ನು ದುಂಡು ಮಾಡುತ್ತದೆ. ಬೀಜ ತೆಗೆದ ಹುಂಜದ ಜುಟ್ಟು ಸೊರಗುತ್ತದೆ, ಗರಿ ಮಾತ್ರ ಚೂಪಾಗಿಯೇ ಉಳಿಯುತ್ತದೆ. ಹಾಗಾಗಿ ಜುಟ್ಟು ಮೋಸ ಮಾಡುವ ಕಡೆಯೂ ಗರಿ ಮೋಸ ಮಾಡುವುದಿಲ್ಲ. ಸೊರಗಿದ, ಹೆದರಿದ, ಜುಟ್ಟು ಬಿಳಿಚಿದ ಹುಂಜಕ್ಕೂ ಬೆನ್ನಿನ ಮೇಲೆ ಚೂಪು ಗರಿ ಬಂದೇ ಬರುತ್ತದೆ.

ನೋಡುವ ಕ್ರಮ ಹೀಗೆ. ಹತ್ತನೇ ವಾರದಿಂದ ವಾರಕ್ಕೊಮ್ಮೆ, ರಾತ್ರಿ ಕೋಳಿಗಳು ಕೂತ ಮೇಲೆ ಟಾರ್ಚ್ ಹಿಡಿದು ಹೋಗಿ. ಕತ್ತಲಲ್ಲಿ ಅವು ಅಲುಗಾಡುವುದಿಲ್ಲ. ಬೆನ್ನಿನ ಇಳಿಜಾರಿನ ಗರಿಗಳನ್ನು ಬೆರಳಿನಿಂದ ಎದುರು ದಿಕ್ಕಿಗೆ ಸವರಿ ಎತ್ತಿ. ಹೊಸ ಗರಿ ಕೊಳವೆಯೊಳಗಿಂದ ಮೂಡುತ್ತಿರುತ್ತದೆ, ತುದಿ ಮಾತ್ರ ಹೊರಗಿರುತ್ತದೆ. ಆ ತುದಿ ಚೂಪಾಗಿ ಹೊಳೆಯುತ್ತಿದ್ದರೆ ಒಂದೇ ಒಂದು ಗರಿ ಸಾಕು, ಹುಂಜ ಎಂದು ಬರೆದುಕೊಳ್ಳಿ. ಇಲ್ಲದಿದ್ದರೆ ಹೇಂಟೆ ಎಂದು ಅದೇ ರಾತ್ರಿ ಬರೆಯಬೇಡಿ. ಮರಿಗಳ ಮೊದಲ ಗರಿ ಎರಡಕ್ಕೂ ದುಂಡಗೇ ಇರುತ್ತದೆ, ಅದು ಉದುರಿ ಹೊಸದು ಬರುವವರೆಗೆ ಭೇದ ಕಾಣುವುದಿಲ್ಲ. ಬೇಗ ಬೆಳೆಯುವ ಮರಿಯಲ್ಲಿ ಹತ್ತನೇ ವಾರಕ್ಕೇ, ಅಸೀಲ್ ಬೆರಕೆಯಲ್ಲಿ ಹದಿನಾರಕ್ಕೂ ಬರಬಹುದು. ಅಷ್ಟರಲ್ಲಿ ಕತ್ತಿನ ಗರಿಯೂ ಉದ್ದವಾಗಿ ಚೂಪಾಗುತ್ತದೆ, ಬಾಲದಲ್ಲಿ ಕುಡುಗೋಲಿನಂತೆ ಬಾಗುವ ಗರಿ ಹೊರಡುತ್ತದೆ. ಆಮೇಲೆ ಯಾರನ್ನೂ ಕೇಳಬೇಕಿಲ್ಲ.

ಆರನೇ ವಾರದಲ್ಲಿ ಮೂರು ಪಟ್ಟಿ ಮಾಡಿ: ಹುಂಜ, ಹೇಂಟೆ, ಅನುಮಾನ. ಮಾರುವುದಿದ್ದರೆ ಹುಂಜದ ಪಟ್ಟಿಯಿಂದ ಮಾತ್ರ ಮಾರಿ. ಅನುಮಾನದ ಪಟ್ಟಿ ಹದಿನಾಲ್ಕನೇ ವಾರದವರೆಗೆ ಮನೆಯಲ್ಲೇ ಇರಲಿ. ಹೇಂಟೆ ಕೊಳ್ಳುವವರು ಎರಡು ತಿಂಗಳ ಮರಿಯನ್ನು ಮಾತಿನ ಮೇಲೆ ಕೊಳ್ಳುವ ಬದಲು, ನಾಲ್ಕು ಕಾಸು ಹೆಚ್ಚಾದರೂ ಮೂರೂವರೆ ತಿಂಗಳಿನದ್ದನ್ನು ಬೆನ್ನಿನ ಗರಿ ಎತ್ತಿ ನೋಡಿ ಕೊಳ್ಳಿ.

ಗುರುತಿಸಿದ ಮೇಲೆ ಬೇರೆ ಮಾಡುವುದಕ್ಕೂ ಕಾರಣವಿದೆ. ಮೊಟ್ಟೆ ಕೋಳಿಯ ಮೇವಿನಲ್ಲಿ ಚಿಪ್ಪಿಗಾಗಿ ಸುಣ್ಣದಂಶ ನೂರಕ್ಕೆ 3.5ರಿಂದ 4ರಷ್ಟಿರುತ್ತದೆ. ಬೆಳೆಯುವ ಕೋಳಿಗೆ ಬೇಕಾದ್ದು ಸುಮಾರು 1. ಅದನ್ನೇ ತಿಂಗಳುಗಟ್ಟಲೆ ತಿಂದ ಎಳೆಯ ಹುಂಜದ ಮೂತ್ರಪಿಂಡ ಹಾಳಾಗುತ್ತದೆ. ಇನ್ನೂ ಮೊಟ್ಟೆಗೆ ಬಾರದ ಹೇಂಟೆ ಮರಿಗೂ ಅದು ಬೇಡ. ಹಾಗೆಯೇ ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಹೆಚ್ಚಾದರೆ ಹೇಂಟೆಗಳ ಬೆನ್ನಿನ ಗರಿ ಕಿತ್ತು, ಚರ್ಮ ಹರಿದು ಗಾಯವಾಗುತ್ತದೆ.

ಸಭೆಯಿಂದ ಎರಡು ಪ್ರಶ್ನೆ ಬಂದವು. ಮೊಟ್ಟೆ ಇಡುತ್ತಿದ್ದ ಹೇಂಟೆ ಕೂಗಿದರೆ ಅಪಶಕುನ ಎಂದು ಕುಯ್ಯುತ್ತಾರಲ್ಲ ಎಂದು ಒಬ್ಬ ತಾಯಿ ಕೇಳಿದರು. ಹೇಂಟೆಗೆ ಕೆಲಸ ಮಾಡುವ ಅಂಡಾಶಯ ಒಂದೇ, ಎಡಗಡೆಯದು. ವಯಸ್ಸಾಗಿಯೋ ಕಾಯಿಲೆಯಿಂದಲೋ ಅದು ಕೆಟ್ಟರೆ ಬಲಗಡೆ ಮುದುಡಿ ಕೂತಿದ್ದ ಅಂಗ ವೃಷಣದ ಹಾಗೆ ಬೆಳೆಯಬಹುದು. ಹೆಣ್ಣು ಹಾರ್ಮೋನು ನಿಂತದ್ದರಿಂದ ಮುಂದಿನ ಸಲ ಗರಿ ಉದುರಿ ಬರುವಾಗ ಚೂಪು ಗರಿ ಬರುತ್ತದೆ, ಜುಟ್ಟು ಏರುತ್ತದೆ, ಕೂಗುತ್ತದೆ. ಹುಂಜವೇ ಇಲ್ಲದ ಗುಂಪಿನಲ್ಲಿ ಯಜಮಾನಿ ಹೇಂಟೆ ಸುಮ್ಮನೆ ಕೂಗುವುದೂ ಉಂಟು, ಅದು ಮೊಟ್ಟೆಯನ್ನೂ ಇಡುತ್ತಿರುತ್ತದೆ. ಇದರಲ್ಲಿ ಶಕುನದ ಮಾತೇ ಇಲ್ಲ. ಕುಯ್ಯುವ ಮುಂಚೆ ಹತ್ತು ದಿನ ಅದನ್ನು ಬೇರೆ ಬುಟ್ಟಿಯಲ್ಲಿ ಕೂರಿಸಿ, ಮೊಟ್ಟೆ ಇಡುತ್ತದೆಯೇ ನೋಡಿ.

ಇನ್ನೊಂದು ಪ್ರಶ್ನೆ: ಐದೂವರೆ ತಿಂಗಳಾಯಿತು, ಜುಟ್ಟು ಕೆಂಪಾಗಿದೆ, ಕೂಗುವುದಿಲ್ಲ, ಮೊಟ್ಟೆಯೂ ಇಲ್ಲ, ಏನಿದು? ಬೆನ್ನಿನ ಗರಿ ದುಂಡಗಿದ್ದರೆ ಅದು ಹೇಂಟೆಯೇ. ಮೊಟ್ಟೆಗೆ ಬರುವ ಮುಂಚಿನ ವಾರಗಳಲ್ಲಿ ಹೇಂಟೆಯ ಜುಟ್ಟೂ ಕೆಂಪೇರುತ್ತದೆ, ನಾಟಿ ಬೆರಕೆಯಲ್ಲಿ ಮೊದಲ ಮೊಟ್ಟೆ ಆರು ಏಳು ತಿಂಗಳಿಗೆ ಬರುವುದು ಮಾಮೂಲಿ. ಗುದದ್ವಾರದ ಎರಡು ಪಕ್ಕದಲ್ಲಿ ಸೊಂಟದ ಎಲುಬಿನ ತುದಿಗಳು ಕೈಗೆ ಸಿಗುತ್ತವೆ, ಅವುಗಳ ನಡುವೆ ಬೆರಳಿಟ್ಟು ನೋಡಿ. ಒಂದು ಬೆರಳೂ ಕಷ್ಟದಲ್ಲಿ ಹಿಡಿದರೆ ಇನ್ನೂ ದಿನವಿದೆ. ಎರಡು ಬೆರಳು ಸಲೀಸಾಗಿ ಹಿಡಿದು, ಬೆನ್ನ ಮೇಲೆ ಕೈಯಿಟ್ಟರೆ ಕೋಳಿ ರೆಕ್ಕೆ ಸಡಿಲಿಸಿ ನೆಲಕ್ಕೆ ಕುಸಿದು ಕೂತರೆ, ಮೂಲೆಯಲ್ಲಿ ಹುಲ್ಲು ಹಾಕಿದ ಬುಟ್ಟಿಯೊಂದನ್ನು ಇಡಿ.